ನೆಟ್ ಸಿಗದ ಊರಲ್ಲಿ ಹಾರ್ಡ್ ಡಿಸ್ಕೇ ನೆಂಟ

ಜೋಯಿಡಾ ತಾಲ್ಲೂಕಿನ ಹಳ್ಳಿಗಳಿಗೆ ರಜೆಗೆ ಹೊರಟ ಕಾಲೇಜು ಹುಡುಗರ ಚೀಲ ಒಮ್ಮೆ ಬಿಚ್ಚಿ ನೋಡಬೇಕು. ಎರಡು ಜೊತೆ ಬಟ್ಟೆ, ದಾಂಡೇಲಿ ಬಸ್ ಸ್ಟ್ಯಾಂಡಿನ ಹತ್ತಿರ ಕೊಂಡ ಬ್ರೆಡ್ಡು, ಒಂದು ಪೊಟ್ಟಣ ಖಾರ. ಎಲ್ಲಕ್ಕಿಂತ ಕೆಳಗೆ, ಟವೆಲ್ಲಿನಲ್ಲಿ ಹಸುಗೂಸಿನ ಹಾಗೆ ಸುತ್ತಿಟ್ಟ ಅಂಗೈಯಗಲದ ಒಂದು ಕಪ್ಪು ಪೆಟ್ಟಿಗೆ. ಅದೇ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್. ಹುಡುಗ ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿರುತ್ತದೆ. ಸಂಜೆ ಹೊತ್ತಿಗೆ ಪಕ್ಕದ ಮನೆಯವರೂ ಬಂದು ಟಿವಿ ಮುಂದೆ ಕೂತಿರುತ್ತಾರೆ.

ಬೆಂಗಳೂರಿನಲ್ಲಿರುವವರಿಗೆ ಇದು ಹಳೆಯ ಕಾಲದ ಕಥೆ ಅನ್ನಿಸಬಹುದು. 'ಈಗ ಯಾರಪ್ಪಾ ಹಾರ್ಡ್ ಡಿಸ್ಕ್ ಬಳಸುತ್ತಾರೆ, ಎಲ್ಲ ಆನ್‌ಲೈನಲ್ಲೇ ಇದೆಯಲ್ಲ' ಎಂದು ನಗಬಹುದು. ಅವರಿಗೊಂದು ಸಣ್ಣ ಲೆಕ್ಕ. ಒಳ್ಳೆಯ ಗುಣಮಟ್ಟದಲ್ಲಿ ಒಂದು ಗಂಟೆ ಸಿನಿಮಾ ನೆಟ್‌ನಲ್ಲಿ ನೋಡಿದರೆ ಸುಮಾರು 3 ಜಿಬಿ ಡೇಟಾ ಖರ್ಚಾಗುತ್ತದೆ. ದಿನಕ್ಕೆ 1.5 ಜಿಬಿಯ ಪ್ಯಾಕ್ ಹಾಕಿಸಿಕೊಂಡವರಿಗೆ ಅರ್ಧ ಗಂಟೆಗೆ ಕಥೆ ಮುಗಿಯಿತು. ನಾಯಕಿ ಬರುವ ಮೊದಲೇ ಡೇಟಾ ಹೋಗಿರುತ್ತದೆ. ಅದೂ ನೆಟ್‌ವರ್ಕ್ ಇದ್ದರೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗೂ ಸುತ್ತಲೂ ಇರುವ ಎಷ್ಟೋ ಹಳ್ಳಿಗಳಲ್ಲಿ ಫೋನ್ ಮಾಡುವುದಕ್ಕೇ ಗುಡ್ಡದ ತುದಿ ಹುಡುಕಬೇಕು. ಲಾಕ್‌ಡೌನ್ ಹೊತ್ತಿನಲ್ಲಿ ನಮ್ಮ ಜಿಲ್ಲೆಯ ಮಕ್ಕಳು ಗುಡ್ಡದ ಮೇಲೆ ಗುಡಿಸಲು ಕಟ್ಟಿಕೊಂಡು ಆನ್‌ಲೈನ್ ಪಾಠ ಕೇಳಿದ್ದನ್ನು ಪತ್ರಿಕೆಗಳಲ್ಲಿ ನೀವೂ ಓದಿರಬಹುದು.

ಹೀಗಿರುವಾಗ 1 ಟಿಬಿಯ ಡಿಸ್ಕ್ ಒಂದಿದ್ದರೆ ತಲಾ 2 ಜಿಬಿಯ ಸುಮಾರು 500 ವಿಡಿಯೊ ಹಿಡಿಯುತ್ತವೆ. ಮಳೆಗಾಲದ ಮೂರು ತಿಂಗಳು ಆರಾಮಾಗಿ ಕಳೆಯಬಹುದು. ನೆಟ್ ಬೇಡ, ರೀಚಾರ್ಜ್ ಬೇಡ, ನಡುವೆ ಸುತ್ತುವ ಚಕ್ರವೂ ಇಲ್ಲ. ಬೇಕಾದದ್ದು ಒಂದೇ ಒಂದು ವೈರು.

ಆದರೆ ಆ ವೈರು ಸಿಕ್ಕಿಸುವಲ್ಲೇ ಇರುವುದು ಫಜೀತಿ.

ನಾನು ಹಳಿಯಾಳದಲ್ಲಿ ಓದುವವನು. ಊರಿಗೆ ಹೋದಾಗಲೆಲ್ಲ ಓಣಿಯವರ ಪಾಲಿಗೆ ನಾನು 'ಟಿವಿ ಡಾಕ್ಟರ್'. 'ಏ ತಮ್ಮಾ, ಡಿಸ್ಕ್ ಹಾಕೀವಿ, ಟಿವ್ಯಾಗ ಏನೂ ಬರವಲ್ದು, ಸ್ವಲ್ಪ ಬಂದು ನೋಡಿ ಹೋಗೋ' ಎಂದು ಯಾರಾದರೊಬ್ಬ ಕಾಕಾ ಕರೆಯದ ದಿನವಿಲ್ಲ. ಮನೆಮನೆ ಸುತ್ತಿ ನೋಡಿದ ಮೇಲೆ ಒಂದು ವಿಷಯ ಖಾತ್ರಿಯಾಗಿದೆ. ಹತ್ತರಲ್ಲಿ ಒಂಬತ್ತು ಸಲ ಡಿಸ್ಕೂ ಸರಿ ಇರುತ್ತದೆ, ಟಿವಿಯೂ ಸರಿ ಇರುತ್ತದೆ. ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ತಿಳಿಯುವುದಿಲ್ಲ, ಅಷ್ಟೇ.

ಹೊಟ್ಟೆಗೆ ಸಾಲದಿದ್ದರೆ ಕೆಲಸ ಸಾಗದು

ಮೊದಲ ತಕರಾರು ಕರೆಂಟಿನದು. ಹಾರ್ಡ್ ಡಿಸ್ಕಿನೊಳಗೆ ಗಾಜು ಅಥವಾ ಅಲ್ಯೂಮಿನಿಯಂನ ತಟ್ಟೆಗಳಿರುತ್ತವೆ. ನಾವು ಜೇಬಲ್ಲಿ ಇಟ್ಟುಕೊಂಡು ಓಡಾಡುವ ಎರಡೂವರೆ ಇಂಚಿನ ಡಿಸ್ಕುಗಳಲ್ಲಿ ಈ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತವೆ. ನಿಂತ ತಟ್ಟೆಯನ್ನು ಮೊದಲ ಸಲ ತಿರುಗಿಸುವಾಗಲೇ ಅದಕ್ಕೆ ಹೆಚ್ಚು ಶಕ್ತಿ ಬೇಕು. ನಿಂತ ಎತ್ತಿನಗಾಡಿಯನ್ನು ಎಳೆಯುವಾಗ ಮೊದಲ ಹೆಜ್ಜೆಯೇ ಭಾರ ಅಲ್ಲವೇ, ಹಾಗೆ.

ಹಳೆಯ ಮಾದರಿಯ ಯುಎಸ್‌ಬಿ 2.0 ಕಿಂಡಿ ಕೊಡಬೇಕಾದದ್ದು 500 ಮಿಲಿಆಂಪಿಯರ್ ಮಾತ್ರ. ಯುಎಸ್‌ಬಿ 3.0 ಆದರೆ 900. ಪೆನ್ ಡ್ರೈವಿಗೆ ಅಷ್ಟು ಬೇಕಾದಷ್ಟಾಯಿತು. ಹಾರ್ಡ್ ಡಿಸ್ಕಿಗೆ ಕೆಲವೊಮ್ಮೆ ಸಾಲುವುದಿಲ್ಲ. ಆಗ ಡಿಸ್ಕಿನ ದೀಪ ಮಿಣುಕುತ್ತದೆ, ಒಳಗಿನಿಂದ 'ಟಿಕ್ ಟಿಕ್' ಎಂಬ ಸದ್ದು ಬರುತ್ತದೆ, ಟಿವಿಯಲ್ಲಿ ಮಾತ್ರ ಏನೂ ಕಾಣುವುದಿಲ್ಲ. ಹೊಟ್ಟೆಗೆ ಸಾಲದೆ ಡಿಸ್ಕು ಏಳಲು ಹೋಗಿ ಹೋಗಿ ಕೂರುತ್ತಿದೆ ಎಂದು ತಿಳಿಯಬೇಕು. ಆ ಸದ್ದು ಬಂದರೆ ಮತ್ತೆ ಮತ್ತೆ ಸಿಕ್ಕಿಸಿ ಕಿತ್ತು ಪರೀಕ್ಷೆ ಮಾಡುತ್ತ ಕೂರಬೇಡಿ.

ಟಿವಿಯ ಹಿಂದೆ ಅಥವಾ ಪಕ್ಕದಲ್ಲಿ ಎರಡು ಮೂರು ಕಿಂಡಿಗಳಿದ್ದರೆ, 'ಎಚ್‌ಡಿಡಿ' ಎಂದು ಬರೆದಿರುವುದನ್ನು ಅಥವಾ ಒಳಗೆ ನೀಲಿ ಬಣ್ಣ ಇರುವುದನ್ನು ಮೊದಲು ಹುಡುಕಿ. 'ಸರ್ವಿಸ್' ಎಂದು ಬರೆದ ಕಿಂಡಿ ರಿಪೇರಿಯವರಿಗೆ, ನಮಗಲ್ಲ. ಡಿಸ್ಕಿನ ಜೊತೆ ಬಂದ ಗಿಡ್ಡ ವೈರನ್ನೇ ಬಳಸಿ. ಉದ್ದದ ಅಗ್ಗದ ವೈರಿನಲ್ಲಿ ಬರುವ ಕರೆಂಟೂ ದಾರಿಯಲ್ಲಿ ಸೊರಗುತ್ತದೆ. ಅಷ್ಟಾದರೂ ಏಳದಿದ್ದರೆ ಎರಡು ತಲೆಯ ವೈ ಕೇಬಲ್ ಸಿಗುತ್ತದೆ. ಒಂದು ತಲೆ ಟಿವಿಗೆ, ಇನ್ನೊಂದು ಮೊಬೈಲ್ ಚಾರ್ಜರಿಗೆ. ಇಲ್ಲವೇ ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ತನ್ನಿ. ಟೇಬಲ್ ಮೇಲಿಡುವ ಮೂರೂವರೆ ಇಂಚಿನ ದಪ್ಪ ಡಿಸ್ಕಿಗೆ ಹೇಗೂ ಅದರದೇ 12 ವೋಲ್ಟಿನ ಅಡಾಪ್ಟರ್ ಬೇಕೇ ಬೇಕು. ಹೊಸದಾಗಿ ಕೊಳ್ಳುವವರಾದರೆ ಎಸ್‌ಎಸ್‌ಡಿಯ ಬಗ್ಗೆ ಯೋಚಿಸಬಹುದು. ಬೆಲೆ ಜಾಸ್ತಿ, ಆದರೆ ಅದರಲ್ಲಿ ತಿರುಗುವ ಭಾಗವೇ ಇಲ್ಲ. ಜೋಯಿಡಾ ರಸ್ತೆಯ ಬಸ್ಸಿನಲ್ಲಿ ಕುಲುಕಾಡಿದರೂ ತಡೆಯುತ್ತದೆ.

ಪಹಣಿ ಓದಲು ಬಾರದ ಟಿವಿ

ಎರಡನೆಯದು ಫಾರ್ಮ್ಯಾಟು. ಈ ಪದ ಕೇಳಿದರೆ ಎಲ್ಲರೂ ತಲೆ ಕೆರೆದುಕೊಳ್ಳುತ್ತಾರೆ. ನಾನು ಕಾಕಾಗಳಿಗೆ ಹೇಳುವುದು ಹೀಗೆ: ಜಮೀನು ಎಲ್ಲಿದೆ, ಯಾರದ್ದು, ಎಷ್ಟು ಗುಂಟೆ ಎಂದು ಹೇಳಲು ಪಹಣಿ ಇರುತ್ತದಲ್ಲ, ಡಿಸ್ಕಿನ ಒಳಗೂ ಅಂಥದೊಂದು ದಾಖಲೆ ಪುಸ್ತಕ ಇರುತ್ತದೆ. ಯಾವ ಫೈಲು ಎಲ್ಲಿದೆ ಎಂದು ಅದರಲ್ಲಿ ಬರೆದಿರುತ್ತದೆ. ಆ ಪುಸ್ತಕ ಬರೆಯುವ ಪದ್ಧತಿ ಬೇರೆ ಬೇರೆ. ಟಿವಿಗೆ ಆ ಪದ್ಧತಿ ಗೊತ್ತಿಲ್ಲದಿದ್ದರೆ ಜಮೀನು ಕಣ್ಣೆದುರಿಗೇ ಇದ್ದರೂ 'ದಾಖಲೆ ಇಲ್ಲ' ಎನ್ನುತ್ತದೆ.

ನಮಗೆ ಎದುರಾಗುವ ಪದ್ಧತಿಗಳು ಮೂರು. ಫ್ಯಾಟ್ 32 ಎಂಬುದು 1996ರ ಸುಮಾರಿನದು. ಇದನ್ನು ಬಹುತೇಕ ಎಲ್ಲ ಟಿವಿಗಳೂ ಓದುತ್ತವೆ. ಆದರೆ ಒಂದೊಂದು ಫೈಲು 4 ಜಿಬಿ ಮೀರುವಂತಿಲ್ಲ. ಮದುವೆ ವಿಡಿಯೊ ಕಾಪಿ ಮಾಡಲು ಹೋದರೆ 'ಫೈಲ್ ತುಂಬಾ ದೊಡ್ಡದು' ಎಂದು ಬರುವುದು ಇದರಿಂದಲೇ. ಡಿಸ್ಕಿನಲ್ಲಿ ಜಾಗ ಎಷ್ಟೇ ಖಾಲಿ ಇದ್ದರೂ ಅದು ಒಪ್ಪುವುದಿಲ್ಲ. ಎನ್‌ಟಿಎಫ್‌ಎಸ್ ಎಂಬುದು ವಿಂಡೋಸ್ ಕಂಪ್ಯೂಟರಿನ ಪದ್ಧತಿ. ಅದಕ್ಕೆ ಈ ಮಿತಿಯಿಲ್ಲ. ಈಗಿನ ಹೆಚ್ಚಿನ ಸ್ಮಾರ್ಟ್ ಟಿವಿಗಳು ಇದನ್ನು ಓದುತ್ತವೆ. ಮೂರನೆಯದು 2006ರಲ್ಲಿ ಬಂದ ಎಕ್ಸ್‌ಫ್ಯಾಟ್. ಇದು ವಿಂಡೋಸಿಗೂ ಮ್ಯಾಕಿಗೂ ಆಗುತ್ತದೆ, ಕೆಲವು ಹಳೆಯ ಟಿವಿಗಳಿಗೆ ಮಾತ್ರ ಆಗುವುದಿಲ್ಲ. ಮ್ಯಾಕ್ ಕಂಪ್ಯೂಟರಿನಲ್ಲೇ ಅದರದೇ ಪದ್ಧತಿಯಲ್ಲಿ ತಯಾರಾದ ಡಿಸ್ಕನ್ನು ಸಾಮಾನ್ಯವಾಗಿ ಯಾವ ಟಿವಿಯೂ ಗುರುತಿಸುವುದಿಲ್ಲ. ಪುಣೆಯಲ್ಲೋ ಗೋವಾದಲ್ಲೋ ಕೆಲಸದಲ್ಲಿರುವ ಅಣ್ಣ ಕಳಿಸಿಕೊಟ್ಟ ಡಿಸ್ಕು ಊರಿನ ಟಿವಿಯಲ್ಲಿ ಕಾಣದಿದ್ದರೆ, ಅಣ್ಣನ ಲ್ಯಾಪ್‌ಟಾಪ್ ಯಾವುದು ಎಂದು ಮೊದಲು ಕೇಳಿ.

ಇನ್ನೊಂದು ಮಾತು. 2 ಟಿಬಿಗಿಂತ ದೊಡ್ಡ ಡಿಸ್ಕುಗಳನ್ನು ಕೆಲವು ಹಳೆಯ ಟಿವಿಗಳು ಮುಟ್ಟುವುದೇ ಇಲ್ಲ. ದೊಡ್ಡದು ಅಗ್ಗಕ್ಕೆ ಸಿಕ್ಕಿತು ಎಂದು ಹುಬ್ಬಳ್ಳಿಯಿಂದ ಹೊತ್ತು ತರುವ ಮೊದಲು ಟಿವಿಯ ಪುಸ್ತಕ ತೆರೆದು ನೋಡುವುದು ಒಳ್ಳೆಯದು.

ಚಿತ್ರ ಬಂತು, ಮಾತು ಬರಲಿಲ್ಲ

'ಚಿತ್ರ ಚಲೋ ಬರ್ತೈತಿ, ಆದ್ರ ಎಲ್ಲಾರೂ ಮೂಕರಾಗ್ಯಾರ' ಎಂದು ಒಬ್ಬರು ಕಾಕಾ ದೂರಿದ್ದರು. ಇದು ಮೂರನೆಯ ತಕರಾರು. ಫೈಲಿನ ಹೆಸರಿನ ಕೊನೆಗೆ ಎಂಪಿ4, ಎಂಕೆವಿ ಎಂದೆಲ್ಲ ಇರುತ್ತದಲ್ಲ, ಅದು ಬರೀ ಚೀಲದ ಹೆಸರು. ಚೀಲದೊಳಗೆ ಚಿತ್ರವನ್ನು ಒಂದು ರೀತಿಯಲ್ಲಿ ಮಡಚಿ ಇಟ್ಟಿರುತ್ತಾರೆ, ಧ್ವನಿಯನ್ನು ಇನ್ನೊಂದು ರೀತಿಯಲ್ಲಿ. ಮಡಿಕೆ ಬಿಚ್ಚುವ ವಿದ್ಯೆ ಟಿವಿಗೆ ಗೊತ್ತಿರಬೇಕು. ಡಿಟಿಎಸ್ ಎಂಬ ಧ್ವನಿಯ ಮಡಿಕೆಯನ್ನು ಬಿಚ್ಚಲು ಪರವಾನಗಿ ಬೇಕು. ಅದನ್ನು ಕೊಳ್ಳದ ಕಂಪನಿಗಳ ಟಿವಿಯಲ್ಲಿ ಚಿತ್ರ ಮಾತ್ರ ಓಡುತ್ತದೆ, ಮಾತು ಬರುವುದಿಲ್ಲ. ಇದಕ್ಕೆ ತಿರುಗಿಸಿದ್ದು, ಈಗಿನ ಮೊಬೈಲುಗಳು ಎಚ್‌ಇವಿಸಿ ಎಂಬ 2013ರ ಹೊಸ ಪದ್ಧತಿಯಲ್ಲಿ ಚಿತ್ರ ಮಡಚಿದಾಗ ಆಗುವುದು. ಅಂಥ ವಿಡಿಯೊ ಹಳೆಯ ಟಿವಿಯಲ್ಲಿ ಮಾತು ಕೇಳಿಸಿ ಪರದೆ ಕಪ್ಪಾಗಿಯೇ ಉಳಿಯಬಹುದು.

ಮದ್ದು ಸುಲಭ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶವನ್ನು ಕಾಲೇಜಿನ ಕಂಪ್ಯೂಟರಿನಲ್ಲೋ ಗೆಳೆಯನ ಲ್ಯಾಪ್‌ಟಾಪಿನಲ್ಲೋ ಹಾಕಿಕೊಂಡು, ಆ ವಿಡಿಯೊವನ್ನು ಎಚ್.264 ಚಿತ್ರ, ಎಎಸಿ ಧ್ವನಿ, ಎಂಪಿ4 ಚೀಲಕ್ಕೆ ಬದಲಾಯಿಸಿ. ಈ ಮೂರೂ ಕೂಡಿದ ಫೈಲನ್ನು ಓದದ ಸ್ಮಾರ್ಟ್ ಟಿವಿ ಸಿಗುವುದು ಕಷ್ಟ. ಹೊಸ ವಿಡಿಯೊ ತೆಗೆಯುವವರು ಮೊಬೈಲ್ ಕ್ಯಾಮೆರಾದ ಸೆಟ್ಟಿಂಗ್ಸ್‌ನಲ್ಲೇ ಎಚ್.264 ಆರಿಸಿಕೊಂಡರೆ ಈ ತಾಪತ್ರಯವೇ ಇಲ್ಲ.

ಮನೆಯಲ್ಲಿ ಇನ್ನೂ ಡಬ್ಬಾ ಟಿವಿಯೇ ಇದೆಯೇ? ಬೇಸರ ಬೇಡ. ಯುಎಸ್‌ಬಿ ಕಿಂಡಿಯಿರುವ ಹಳೆಯ ಡಿವಿಡಿ ಪ್ಲೇಯರ್ ಇದ್ದರೆ ಫ್ಯಾಟ್ 32ರ ಪೆನ್ ಡ್ರೈವಿನಲ್ಲಿ ಸಣ್ಣ ಫೈಲುಗಳನ್ನು ಹಾಕಿ ನೋಡಬಹುದು. ಛತ್ರಿ ಜೊತೆ ಬರುವ ಕೆಲವು ಸೆಟ್‌ಟಾಪ್ ಬಾಕ್ಸುಗಳಲ್ಲೂ ಇಂಥ ಕಿಂಡಿ ಇರುತ್ತದೆ. ಎಚ್‌ಡಿಎಂಐ ಇರುವ ಟಿವಿಯಾದರೆ ಲ್ಯಾಪ್‌ಟಾಪನ್ನೇ ಜೋಡಿಸಿ ವಿಎಲ್‌ಸಿಯಲ್ಲಿ ಹಾಕಿಬಿಡಿ. ಅದು ಹೆಚ್ಚುಕಡಿಮೆ ಎಲ್ಲ ಮಡಿಕೆಗಳನ್ನೂ ಬಿಚ್ಚುತ್ತದೆ.

ಸಿನಿಮಾ ಒಂದೇ ಅಲ್ಲ

ಇಷ್ಟೆಲ್ಲ ಕಷ್ಟಪಟ್ಟು ನೋಡುವುದು ಏನನ್ನು? ಯಾರೋ ಕದ್ದು ಕಾಪಿ ಮಾಡಿದ ಹೊಸ ಸಿನಿಮಾವನ್ನೇ? ನಿಜ ಹೇಳಬೇಕೆಂದರೆ ಬಹಳ ಡಿಸ್ಕುಗಳಲ್ಲಿ ತುಂಬಿರುವುದು ಅದೇ. ಅದು ಕಾನೂನಿಗೂ ಸಲ್ಲದು, ಸಿನಿಮಾಕ್ಕಾಗಿ ದುಡಿದವರಿಗೂ ಅನ್ಯಾಯ. ಆದರೆ ನಾನು ಈ ಲೇಖನ ಬರೆಯಲು ಕೂತದ್ದು ಬೇರೆ ಕಾರಣಕ್ಕೆ. ಯಾವ ಆ್ಯಪಿನಲ್ಲೂ ಸಿಗದ, ಎಷ್ಟು ದುಡ್ಡು ಕೊಟ್ಟರೂ ಡೌನ್‌ಲೋಡ್ ಆಗದ ಕೆಲವು ಚಿತ್ರಗಳು ನಮ್ಮ ನಾಲ್ಕು ತಾಲ್ಲೂಕುಗಳಲ್ಲಿವೆ. ಅವು ಇರುವುದು ಯಾರದೋ ಮನೆಯ ಕಪಾಟಿನಲ್ಲಿ, ಯಾರದೋ ಮೊಬೈಲಿನಲ್ಲಿ, ಟ್ರಂಕಿನೊಳಗಿನ ಆಲ್ಬಮ್ಮಿನಲ್ಲಿ.

ಸೂಪಾ ಊರನ್ನೇ ನೋಡಿ. ಇವತ್ತಿನ ಜೋಯಿಡಾ ತಾಲ್ಲೂಕಿಗೆ ಹಿಂದೆ ಇದ್ದ ಹೆಸರೇ ಸೂಪಾ. ಕಾಳಿ ಮತ್ತು ಪಾಂಡರಿ ನದಿಗಳು ಕೂಡುವಲ್ಲಿ ಆ ಊರಿತ್ತು. 101 ಮೀಟರ್ ಎತ್ತರದ ಅಣೆಕಟ್ಟು ಎದ್ದಿತು, 1980ರ ದಶಕದಲ್ಲಿ ನೀರು ನಿಂತಿತು, ಊರು ಮುಳುಗಿತು. ಮನೆ ಬಿಟ್ಟವರಲ್ಲಿ ಎಷ್ಟೋ ಜನ ರಾಮನಗರಕ್ಕೆ ಹೋಗಿ ನೆಲೆಸಿದರು. ತಾಲ್ಲೂಕಿನ ಕಚೇರಿ ಜೋಯಿಡಾಕ್ಕೆ ಬಂತು. ನನ್ನ ವಯಸ್ಸಿನವರು ಯಾರೂ ಆ ಊರನ್ನು ಕಂಡಿಲ್ಲ. ಗಣೇಶಗುಡಿಯ ಮೇಲಿನ ಆ ನೀಲಿ ನೀರನ್ನಷ್ಟೇ ಕಂಡಿದ್ದೇವೆ, ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡಿದ್ದೇವೆ.

ಕಳೆದ ವರ್ಷ ನಮ್ಮ ನೆಂಟರ ಮನೆಯಲ್ಲಿ ಇದ್ದ ಹಳೆಯ ಕಪ್ಪು ಬಿಳುಪಿನ ಫೋಟೊಗಳನ್ನು ಸ್ಕ್ಯಾನ್ ಮಾಡಿ ಡಿಸ್ಕಿಗೆ ಹಾಕಿದೆವು. ಅದಕ್ಕೂ ಮುಂಚೆ ಅಜ್ಜನಿಗೆ ಮೊಬೈಲಿನಲ್ಲಿ ಅದೇ ಫೋಟೊಗಳನ್ನು ತೋರಿಸಿದ್ದುಂಟು. ಅವರು ಕಣ್ಣು ಕಿರಿದು ಮಾಡಿ ನೋಡಿ, 'ಹೂಂ, ಚಲೋ ಅದಾವು' ಎಂದು ವಾಪಸ್ ಕೊಟ್ಟಿದ್ದರು. ಅದೇ ಫೋಟೊ 43 ಇಂಚಿನ ಟಿವಿಯಲ್ಲಿ ಬಂದದ್ದೇ ತಡ, ಅಜ್ಜ ಕುರ್ಚಿಯಿಂದ ಎದ್ದರು. ಪರದೆಯ ಹತ್ತಿರ ಹೋಗಿ ಬೆರಳಿಟ್ಟು, 'ಇದು ಅಂಗಡಿ ಸಾಲು. ಇಲ್ಲಿ ನಿಂತಾನಲ್ಲ, ಇವ ನನ್ನ ಸಾಲಿ ಗೆಳೆಯ. ಈ ಮರದ ಹಿಂದ ನಮ್ಮ ಮನಿ, ಫೋಟೊದಾಗ ಬಂದಿಲ್ಲ ನೋಡು' ಎಂದರು. ಒಂದು ಫೋಟೊಕ್ಕೆ ಹದಿನೈದು ನಿಮಿಷ. ಆ ಸಂಜೆ ಹನ್ನೊಂದೇ ಫೋಟೊ ನೋಡಿದ್ದು. ಅಷ್ಟರಲ್ಲಿ ರಾತ್ರಿ ಊಟದ ಹೊತ್ತಾಯಿತು.

ನನಗೆ ಆವತ್ತು ಅನ್ನಿಸಿದ್ದು ಇಷ್ಟು: ಮೊಬೈಲಿನಲ್ಲಿ ಒಬ್ಬರು ನೋಡುತ್ತಾರೆ, ಬೆರಳು ಸರಿಸುತ್ತಾರೆ, ಮುಗಿಯಿತು. ಟಿವಿಯಲ್ಲಿ ನಾಲ್ಕು ಜನ ಕೂಡಿ ನೋಡುತ್ತಾರೆ. ಒಬ್ಬರು ಮರೆತದ್ದನ್ನು ಇನ್ನೊಬ್ಬರು ನೆನಪಿಸುತ್ತಾರೆ. ಮಂಜುಗಣ್ಣಿನ ಹಿರಿಯರಿಗೆ ಆ ದೊಡ್ಡ ಪರದೆಯೇ ಕನ್ನಡಕ.

ಹಳಿಯಾಳ ತಾಲ್ಲೂಕಿನ ಸಿದ್ದಿ ಸಮುದಾಯದ ನನ್ನ ಸಹಪಾಠಿಯದೂ ಇಂಥದೇ ಅನುಭವ. ಆಫ್ರಿಕಾ ಮೂಲದ ಸಿದ್ದಿಗಳು ನೂರಾರು ವರ್ಷಗಳಿಂದ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೋಯಿಡಾದ ಕಾಡಂಚಿನಲ್ಲಿ ಬದುಕಿದವರು. 2003ರಲ್ಲಿ ನಮ್ಮ ಜಿಲ್ಲೆಯ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. ಅವರ ಡಮಾಮಿ ಕುಣಿತವನ್ನು ವೇದಿಕೆಗಳಲ್ಲಿ ನೀವು ನೋಡಿರಬಹುದು. ವೇದಿಕೆಗೆಂದು ಹತ್ತು ನಿಮಿಷಕ್ಕೆ ಕತ್ತರಿಸಿದ ಕುಣಿತ ಅದು. ಮನೆಯಂಗಳದಲ್ಲಿ ರಾತ್ರಿಯಿಡೀ ಹಾಡಿದ್ದು, ಅಜ್ಜಿಯಂದಿರಿಗೆ ಮಾತ್ರ ಬರುವ ಹಾಡು, ಅವು ಇರುವುದು ಮಕ್ಕಳ ಮೊಬೈಲಿನಲ್ಲಿ. ಮೊಬೈಲು ತುಂಬಿದಾಗ ಮೊದಲು ಅಳಿಸಿ ಹೋಗುವುದೂ ಅವೇ. ಈ ಗೆಳತಿ ಅವನ್ನೆಲ್ಲ ಕೂಡಿಸಿ ಡಿಸ್ಕಿಗೆ ಹಾಕಿ, ಹಬ್ಬಕ್ಕೆ ಮನೆಯ ಟಿವಿಯಲ್ಲಿ ಹಚ್ಚಿದ್ದಳು. ಟಿವಿಯಲ್ಲಿ ತಮ್ಮದೇ ಹಾಡು ಕೇಳಿದ ಅಜ್ಜಿ, 'ಇಲ್ಲಿ ಒಂದು ಸಾಲು ಬಿಟ್ಟೀವಿ' ಎಂದು ಅದನ್ನೂ ಹಾಡಿ ತೋರಿಸಿದರಂತೆ.

ಮುಂಡಗೋಡದಲ್ಲಿ 1966ರಿಂದ ಟಿಬೆಟನ್ ನಿರಾಶ್ರಿತರ ನೆಲೆ ಇದೆ. ಡ್ರೆಪುಂಗ್, ಗಾಂದೆನ್ ಮಠಗಳು ಅಲ್ಲಿವೆ. ನಾವು ಅದನ್ನು ಕ್ಯಾಂಪ್ ಎಂದೇ ಕರೆಯುತ್ತೇವೆ. ಅಲ್ಲಿನ ಹುಡುಗರೊಬ್ಬರು ಒಮ್ಮೆ ಹೇಳಿದರು: 'ನಮ್ಮ ಅಜ್ಜ ಬಿಟ್ಟುಬಂದ ಊರಿನ ಫೋಟೊ ನಮ್ಮಲ್ಲಿ ಒಂದೂ ಇಲ್ಲ. ಹಾಗಾಗಿ ಈ ಕ್ಯಾಂಪಿನ ಒಂದು ಫೋಟೊವನ್ನೂ ನಾವು ಬಿಸಾಡುವುದಿಲ್ಲ.' ಊರು ಕಳೆದುಕೊಂಡವರಿಗೆ ಫೋಟೊದ ಬೆಲೆ ಗೊತ್ತು. ಸೂಪಾದವರಿಗೂ ಗೊತ್ತು.

'ಯೆಸ್' ಒತ್ತುವ ಮೊದಲು

ಇದಕ್ಕೇ ಈಗ ಹೇಳುವ ಮಾತನ್ನು ದಯವಿಟ್ಟು ನಿಧಾನವಾಗಿ ಓದಿ. ಟಿವಿಗೆ ಡಿಸ್ಕಿನ ಫಾರ್ಮ್ಯಾಟು ತಿಳಿಯದಿದ್ದಾಗ, ಅಥವಾ ನೀವು ಕಾರ್ಯಕ್ರಮ ರೆಕಾರ್ಡ್ ಮಾಡುವ ಗುಂಡಿ ಒತ್ತಿದಾಗ, ಪರದೆಯ ಮೇಲೆ ಒಂದು ಪ್ರಶ್ನೆ ಬರುತ್ತದೆ. ಡಿವೈಸ್ ಫಾರ್ಮ್ಯಾಟ್ ಮಾಡಲೇ ಅಥವಾ ಇನಿಷಿಯಲೈಸ್ ಮಾಡಲೇ ಎಂದು ಅದು ಇಂಗ್ಲಿಷಿನಲ್ಲಿ ಕೇಳುತ್ತದೆ. ನಮ್ಮ ಕಡೆಯವರು ಏನೇ ಬಂದರೂ 'ಯೆಸ್' ಅಥವಾ 'ಓಕೆ' ಒತ್ತಿಬಿಡುವವರು. ಇಲ್ಲಿ ಒತ್ತಿದರೆ ಡಿಸ್ಕಿನಲ್ಲಿದ್ದ ಪಹಣಿ ಪುಸ್ತಕ ಹರಿದು ಹೊಸದು ಬರೆಯಲಾಗುತ್ತದೆ. ಒಳಗಿದ್ದ ಫೋಟೊ, ವಿಡಿಯೊ ಒಂದೂ ಕಾಣುವುದಿಲ್ಲ.

ದಾಂಡೇಲಿಯ ಒಂದು ಮನೆಯಲ್ಲಿ ಹೀಗೇ ಆಯಿತು. ಮಗಳ ಮದುವೆ, ಅದಾದ ಮೇಲೆ ತೀರಿಕೊಂಡ ತಾಯಿಯ ಕೊನೆಯ ವಿಡಿಯೊ, ಎಲ್ಲ ಒಂದೇ ಡಿಸ್ಕಿನಲ್ಲಿತ್ತು. ಟಿವಿ ಕೇಳಿತು, ಮನೆಗೆ ಬಂದ ಮಗು ರಿಮೋಟ್ ಒತ್ತಿತು. ಅವರು ಡಿಸ್ಕನ್ನು ತಕ್ಷಣ ಕಿತ್ತು, ಅದರ ಮೇಲೆ ಮತ್ತೇನನ್ನೂ ಬರೆಯದೆ, ಹುಬ್ಬಳ್ಳಿಗೆ ಒಯ್ದು ತೋರಿಸಿದರು. ಅರ್ಧಕ್ಕಿಂತ ಹೆಚ್ಚು ಫೈಲುಗಳು ಮರಳಿ ಬಂದವು. ತಾಯಿಯ ವಿಡಿಯೊ ಬರಲಿಲ್ಲ. ಮನೆಯಲ್ಲಿ ಯಾರೂ ಮಗುವನ್ನು ಬೈಯಲಿಲ್ಲ. ಆದರೆ ಆ ಟಿವಿಗೆ ಮತ್ತೆ ಡಿಸ್ಕ್ ಹಾಕಲು ಎಷ್ಟೋ ತಿಂಗಳು ಯಾರಿಗೂ ಮನಸ್ಸೇ ಬರಲಿಲ್ಲ.

ಹಾಗಾಗಿ ನೆನಪಿಡಿ. ಟಿವಿ ಫಾರ್ಮ್ಯಾಟ್ ಕೇಳಿದರೆ ಉತ್ತರ 'ನೋ'. ರೆಕಾರ್ಡಿಂಗಿಗೆ ಬೇಕಾದರೆ ಬೇರೆ ಖಾಲಿ ಡಿಸ್ಕ್ ಇಟ್ಟುಕೊಳ್ಳಿ. ಕೈ ತಪ್ಪಿ ಒತ್ತಿದ್ದರೆ ತಕ್ಷಣ ತೆಗೆದಿಡಿ, ಹೊಸದೇನನ್ನೂ ತುಂಬಬೇಡಿ. ಹಳೆಯದು ಮರಳಿ ಸಿಗುವ ಸಾಧ್ಯತೆ ಇರುವುದು ಅದರ ಮೇಲೆ ಬರೆಯದಿದ್ದಾಗ ಮಾತ್ರ. ಎಸ್‌ಎಸ್‌ಡಿಯಾದರೆ ಆ ಸಾಧ್ಯತೆ ಇನ್ನೂ ಕಡಿಮೆ.

ಡಿಸ್ಕ್ ತೆಗೆಯುವುದಕ್ಕೂ ಒಂದು ಕ್ರಮವಿದೆ. ಸಿನಿಮಾ ಮುಗಿಯಿತೆಂದು ಸಟ್ಟನೆ ಕೀಳಬಾರದು. ಟಿವಿಯ ಮೆನುವಿನಲ್ಲಿ 'ರಿಮೂವ್' ಅಥವಾ 'ಇಜೆಕ್ಟ್' ಇರುತ್ತದೆ, ಅದನ್ನು ಒತ್ತಿ. ಸಿಗದಿದ್ದರೆ ಟಿವಿ ಆರಿಸಿ, ಡಿಸ್ಕಿನ ದೀಪ ಆರಿ, ತಟ್ಟೆ ನಿಂತ ಮೇಲೆ ತೆಗೆಯಿರಿ. ತಟ್ಟೆ ತಿರುಗುವಾಗ ಅದನ್ನು ಓದುವ ಮುಳ್ಳು ತಟ್ಟೆಗೆ ತಾಗದೆ, ಕೂದಲೆಳೆಯ ದಪ್ಪಕ್ಕಿಂತ ಎಷ್ಟೋ ಪಟ್ಟು ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದೆ. ಆಗ ಡಿಸ್ಕು ಕೆಳಗೆ ಬಿದ್ದರೆ ಮುಳ್ಳು ತಟ್ಟೆಯನ್ನು ಗೀರಬಹುದು. ಹಾಗಾಗಿ ಟಿವಿಯ ಹಿಂದೆ ವೈರಿನಲ್ಲಿ ಜೋತಾಡುವಂತೆ ಬಿಡದೆ, ಗಟ್ಟಿ ಜಾಗದಲ್ಲಿ ಮಲಗಿಸಿಡಿ.

ನಮ್ಮ ಕಡೆಗೆ ಇನ್ನೂ ಒಂದು ಶತ್ರುವಿದೆ, ಮಳೆಗಾಲ. ಕಾಳಿಯ ನೀರಿನಿಂದ ನಾಡಿಗೆಲ್ಲ ಬೆಳಕು ಹೋಗುತ್ತದೆ. ಆದರೆ ಗಾಳಿಗೆ ಒಂದು ಮರ ತಂತಿಯ ಮೇಲೆ ಬಿದ್ದರೆ ನಮ್ಮೂರಲ್ಲಿ ಎರಡು ದಿನ ಕತ್ತಲೆ. ಡಿಸ್ಕು ಓಡುತ್ತಿರುವಾಗ ಕರೆಂಟು ಹೋಗಿ ಬಂದು ಮಾಡಿದರೆ ಅದಕ್ಕೆ ಒಳ್ಳೆಯದಲ್ಲ. ಇನ್ವರ್ಟರ್ ಇಲ್ಲದ ಮನೆಯಲ್ಲಿ ಗಾಳಿ ಮಳೆಯ ಸಂಜೆ ಡಿಸ್ಕ್ ಹಾಕದಿರುವುದೇ ಲೇಸು. ಗುಡುಗು ಶುರುವಾದರೆ ಪ್ಲಗ್ಗನ್ನೂ ಛತ್ರಿಯ ಕೇಬಲನ್ನೂ ಡಿಸ್ಕನ್ನೂ ಟಿವಿಯಿಂದ ಬಿಡಿಸಿಡಿ. ಸಿಡಿಲು ಕೇಬಲಿನಿಂದ ಬಂದರೆ ಟಿವಿಯ ಜೊತೆ ಡಿಸ್ಕನ್ನೂ ಸುಟ್ಟುಹಾಕಬಹುದು. ತೇವ ತಾಗದಂತೆ, ಹೊಸ ಚಪ್ಪಲಿ ಡಬ್ಬದಲ್ಲಿ ಸಿಗುವ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಗಟ್ಟಿ ಮುಚ್ಚಳದ ಡಬ್ಬದಲ್ಲಿಡಿ. ಅಡುಗೆಮನೆಯ ಅಟ್ಟದ ಹೊಗೆ, ಬಿಸಿಗಿಂತ ಅದು ಮಲಗುವ ಕೋಣೆಯ ಕಪಾಟಿನಲ್ಲಿರುವುದೇ ಒಳ್ಳೆಯದು.

ಒಂದು ಇದ್ದರೆ ಇಲ್ಲದ ಹಾಗೆ

ಅಮೆರಿಕದ ಐಬಿಎಂ ಕಂಪನಿ ಮೊದಲ ಹಾರ್ಡ್ ಡಿಸ್ಕ್ ತಂದದ್ದು 1956ರಲ್ಲಿ. ಎರಡು ಅಡಿ ಅಗಲದ 50 ತಟ್ಟೆಗಳ ಆ ದೈತ್ಯ ಯಂತ್ರ ಹಿಡಿಯುತ್ತಿದ್ದದ್ದು 5 ಎಂಬಿಗೂ ಕಡಿಮೆ. ಈಗಿನ ಮೊಬೈಲಿನ ಒಂದು ಫೋಟೊದಷ್ಟು! ಅದಕ್ಕೆ ಒಂದು ವರ್ಷ ಮೊದಲು, 1955ರಲ್ಲಿ, ನಮ್ಮ ದಾಂಡೇಲಿಯಲ್ಲಿ ಕಾಗದ ತಯಾರಿಸಲು ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಸ್ಥಾಪನೆಯಾಗಿತ್ತು. ನೆನಪು ಉಳಿಸುವ ಎರಡು ದಾರಿಗಳು ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಹೊರಟವು. ಇವೆರಡರಲ್ಲಿ ಯಾವುದು ಗಟ್ಟಿ ಎಂದು ಕೇಳಿದರೆ ನಾನು ಕಂಪ್ಯೂಟರ್ ಓದುವವನಾದರೂ ಕಾಗದದ ಕಡೆಗೇ ಕೈಯೆತ್ತುತ್ತೇನೆ. ಚೆನ್ನಾಗಿಟ್ಟ ಫೋಟೊ ಐವತ್ತು ವರ್ಷವಾದರೂ ಕಣ್ಣಿಗೆ ಕಾಣುತ್ತದೆ. ಹಾರ್ಡ್ ಡಿಸ್ಕು ಮೂರು ವರ್ಷಕ್ಕೇ ಕೈಕೊಡಬಹುದು, ಹತ್ತು ವರ್ಷವೂ ಬಾಳಬಹುದು. ಕೆಡುವ ದಿನವನ್ನು ಅದು ಮೊದಲೇ ಹೇಳುವುದಿಲ್ಲ.

ಆದ್ದರಿಂದ ಸಿನಿಮಾ ಒಂದೇ ಡಿಸ್ಕಿನಲ್ಲಿರಲಿ, ಹೋದರೆ ಹೋಗಲಿ. ಮನೆಯ ಫೋಟೊ, ಹಾಡು, ವಿಡಿಯೊ ಮಾತ್ರ ಎರಡು ಡಿಸ್ಕಿನಲ್ಲಿರಬೇಕು. ಎರಡೂ ಒಂದೇ ಕಪಾಟಿನಲ್ಲಿ ಬೇಡ. ಒಂದು ನಿಮ್ಮಲ್ಲಿ, ಇನ್ನೊಂದು ಅಕ್ಕನ ಮನೆಯಲ್ಲೋ ಚಿಕ್ಕಪ್ಪನ ಮನೆಯಲ್ಲೋ ಇರಲಿ. ಟಿವಿಗೆ ಸಿಕ್ಕಿಸುವುದು ನಕಲನ್ನು, ಮೂಲವನ್ನಲ್ಲ. ವರ್ಷಕ್ಕೆ ಒಂದೆರಡು ಸಲ ಎರಡನ್ನೂ ತೆರೆದು ಓಡಿಸಿ ನೋಡಿ. ಹಳೆಯ ವಿಎಚ್‌ಎಸ್ ಕ್ಯಾಸೆಟ್ ಇದ್ದರೆ ಇನ್ನು ತಡಮಾಡಬೇಡಿ. ಮಳೆನಾಡಿನ ತೇವಕ್ಕೆ ಅದರ ಟೇಪಿನ ಮೇಲೆ ಬೂಷ್ಟು ಕೂರುತ್ತದೆ, ಅದನ್ನು ಓಡಿಸುವ ಯಂತ್ರಗಳೂ ಕಡಿಮೆಯಾಗುತ್ತಿವೆ.

ಕೊನೆಯದಾಗಿ ಒಂದು ಸಣ್ಣ ಕೆಲಸ. ಫೋಟೊ ಫೈಲುಗಳಿಗೆ ಕನ್ನಡದಲ್ಲಿ ಹೆಸರು ಕೊಟ್ಟರೆ ಎಷ್ಟೋ ಟಿವಿಗಳಲ್ಲಿ ಅಕ್ಷರದ ಬದಲು ಚೌಕಗಳ ಸಾಲು ಬರುತ್ತದೆ. ಅದಕ್ಕೆ 001, 002 ಎಂದು ಬರೀ ಅಂಕಿ ಕೊಡಿ. ಪಕ್ಕದಲ್ಲಿ ಒಂದು ನೋಟ್‌ಬುಕ್ಕು ಇಟ್ಟುಕೊಂಡು ಅದೇ ಅಂಕಿ ಬರೆದು, ಹಿರಿಯರು ಟಿವಿ ಮುಂದೆ ಕೂತು ಹೇಳಿದ್ದನ್ನು ಬರೆಯುತ್ತ ಹೋಗಿ. ಯಾರು, ಯಾವ ಊರು, ಯಾವ ವರ್ಷ, ಯಾರ ಮದುವೆ. ಗೊತ್ತಿಲ್ಲದಲ್ಲಿ ಜಾಗ ಖಾಲಿ ಬಿಡಿ, ಮುಂದಿನ ಸಲ ಬಂದ ನೆಂಟರು ತುಂಬುತ್ತಾರೆ. ಫೋಟೊ ಇದ್ದು ಹೆಸರು ಹೋದರೆ ಅದು ಯಾರದೋ ಮುಖವಾಗಿ ಉಳಿಯುತ್ತದೆ, ಅಷ್ಟೇ. ಮುಖ ಉಳಿಸಲು ಡಿಸ್ಕ್ ಸಾಕು, ಹೆಸರು ಉಳಿಸಲು ಹೇಳುವವರು ಬದುಕಿರಬೇಕು.

ಈ ಸಲ ದೀಪಾವಳಿಗೋ ಜಾತ್ರೆಗೋ ಊರಿಗೆ ಹೊರಟವರು ಚೀಲದಲ್ಲಿ ಡಿಸ್ಕಿನ ಜೊತೆ ಇನ್ನೂರು ಪುಟದ ಒಂದು ನೋಟ್‌ಬುಕ್ಕನ್ನೂ ಇಟ್ಟುಕೊಳ್ಳಿ. ಅಂಗಡಿಯವರು ಯಾವ ಕಾಗದದ್ದು ಕೊಟ್ಟರೂ ನಡೆಯುತ್ತದೆ. ದಾಂಡೇಲಿಯದಾದರೆ ನಮಗೆ ಸ್ವಲ್ಪ ಹೆಚ್ಚು ಖುಷಿ.